ಸಂಘದ ಹಳೇ ಕಾಗದ ನಗರ ಪತ್ರಾಗಾರಕ್ಕೆ ಕೊಡುವ ಮುಂಚೆ ಏನೇನು ಬಿಸಾಕಬಹುದು?

ಅಟ್ಟದ ಟ್ರಂಕು | ಸೋಮವಾರ, ಬೆಳಿಗ್ಗೆ 9.10

ಎಲ್ಲರಿಗೂ ನಮಸ್ಕಾರ. ನಾನೊಂದು ವಾಚನಾಲಯ ಸಂಘದ ಜಂಟಿ ಕಾರ್ಯದರ್ಶಿ. ದೊಡ್ಡ ಸಂಘವೇನಲ್ಲ. ಓದುವ ಕೋಣೆ ಒಂದು, ಪುಸ್ತಕದ ಬೀರು ನಾಲ್ಕು, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ, ಅಷ್ಟೇ. ಕಟ್ಟಡ ರಿಪೇರಿಗೆ ಅಂತ ಅಟ್ಟ ಖಾಲಿ ಮಾಡಿಸಿದಾಗ ಎರಡು ಟ್ರಂಕು, ಒಂದು ಗೋಣಿಚೀಲ ಸಿಕ್ಕಿದವು. ಒಳಗೆ ಸುಮಾರು 40 ವರ್ಷದ ಕಾಗದ. ನಡಾವಳಿ ಪುಸ್ತಕ, ಹಾಜರಿ ಪುಸ್ತಕ, ರಸೀದಿ ಬುಕ್ಕು, ವೋಚರ್ ಕಟ್ಟು, ಬಂದ ಪತ್ರಗಳು, ಒಂದಷ್ಟು ಗ್ರೂಪ್ ಫೋಟೊ.

ಊರಿನ ಹಳೇ ದಾಖಲೆ ಕಾಪಾಡಿ ಇಡುವ ನಗರ ಪತ್ರಾಗಾರದವರನ್ನು ಕೇಳಿದೆ. ತೆಗೆದುಕೊಳ್ಳುತ್ತೇವೆ ಅಂದರು. ತಕರಾರು ಬಂದಿರುವುದು ನಮ್ಮ ಕಮಿಟಿಯಲ್ಲೇ. "ನಡಾವಳಿ, ಫೋಟೊ, ಸನ್ಮಾನ ಪತ್ರ ಕೊಟ್ಟರೆ ಸಂಘಕ್ಕೂ ಮರ್ಯಾದೆ. ಚಿಲ್ಲರೆ ವೋಚರ್ ಯಾರಿಗೆ ಬೇಕು, ರದ್ದಿಗೆ ಹಾಕಿ" ಅನ್ನುತ್ತಾರೆ ಅಧ್ಯಕ್ಷರು. ಖಜಾಂಚಿಗಳದ್ದು ಇನ್ನೊಂದು ಹೆದರಿಕೆ: ಹಳೇ ಲೆಕ್ಕ ಹೊರಗೆ ಹೋದರೆ ಯಾರಾದರೂ ಕೆದಕುತ್ತಾರೆ ಅಂತ. ನನಗೆ ಎರಡೂ ಕಡೆ ಅರ್ಧರ್ಧ ಸರಿ ಅನಿಸುತ್ತಿದೆ. ಬರುವ ಸೋಮವಾರ ಕಮಿಟಿ ಸಭೆ. ಇಂಥದ್ದು ಮಾಡಿ ಅನುಭವ ಇರುವವರು ಹೇಳಿ, ಪ್ಲೀಸ್.


ನೇರ ಮಾತು | ಸೋಮವಾರ, 9.42

ನಿಮ್ಮ ಅಧ್ಯಕ್ಷರ ಮಾತೇ ಸರಿ. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಹಾರ್ಡ್ ಡಿಸ್ಕಿಗೆ ಹಾಕಿ, ಮುಖ್ಯವಾದದ್ದು ಕೊಡಿ, ಉಳಿದದ್ದು ರದ್ದಿ. 40 ವರ್ಷದ ಹಿಂದೆ ಪೊರಕೆ ಕೊಂಡ ಬಿಲ್ಲು ಇಟ್ಟುಕೊಂಡು ಏನು ಸಾಧಿಸುತ್ತೀರಿ?


ಹಳೇ ದಫ್ತರ | ಸೋಮವಾರ, 11.05

ನಾನು ಒಂದು ನಗರದ ಪತ್ರಾಗಾರದಲ್ಲಿ 26 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಒಂದೇ ಮಾತು: ಏನನ್ನೂ ಬಿಸಾಕಬೇಡಿ, ಏನನ್ನೂ ಜೋಡಿಸಬೇಡಿ. ಜೋಡಿಸುವುದು ಬಿಸಾಕುವುದಕ್ಕಿಂತ ಕೆಟ್ಟದ್ದು ಅಂತ ಎಷ್ಟೋ ಸಲ ಅನಿಸಿದೆ ನನಗೆ.

ಯಾಕೆ ಅಂದರೆ, ಜನ ಒಳ್ಳೇ ಮನಸ್ಸಿನಿಂದಲೇ ಹಾಳು ಮಾಡುತ್ತಾರೆ. ಪತ್ರಗಳನ್ನೆಲ್ಲ ಒಂದು ಕಡೆ, ಫೋಟೊ ಒಂದು ಕಡೆ, ಬಿಲ್ಲು ಒಂದು ಕಡೆ ಮಾಡಿ, ಚೆಂದವಾಗಿ ದಾರ ಕಟ್ಟಿ ತರುತ್ತಾರೆ. ಆ ಪತ್ರ ಯಾವ ಬಿಲ್ಲಿನ ಜೊತೆ ಇತ್ತು, ಆ ಫೋಟೊ ಯಾವ ವರ್ಷದ ಕಟ್ಟಿನಲ್ಲಿತ್ತು ಅನ್ನುವುದು ಅಲ್ಲಿಗೆ ಮುಗಿಯಿತು. ಮತ್ತೆ ಹುಟ್ಟಿಸುವುದಕ್ಕೆ ಆಗುವುದಿಲ್ಲ.

ಈ ತಪ್ಪನ್ನು ದೊಡ್ಡ ದೊಡ್ಡ ಪತ್ರಾಗಾರಗಳೇ ಮಾಡಿವೆ. ಹಿಂದೆ ಯೂರೋಪಿನಲ್ಲಿ ಕಾಗದಗಳನ್ನು ವಿಷಯದ ಪ್ರಕಾರ ವಿಂಗಡಿಸುತ್ತಿದ್ದರು. ಒಂದು ಮಠದ ಕಾಗದ ಹತ್ತು ಕಪಾಟಿಗೆ ಹಂಚಿ ಹೋಗುತ್ತಿತ್ತು. 1841ರಲ್ಲಿ ಫ್ರಾನ್ಸಿನಲ್ಲಿ ನತಾಲಿಸ್ ದ ವೈಯಿ ಎಂಬ ಅಧಿಕಾರಿ ಬರೆದ ಸುತ್ತೋಲೆ ಹೊರಟಿತು. ಒಂದು ಸಂಸ್ಥೆಯಿಂದ, ಒಂದು ಮನೆತನದಿಂದ, ಒಬ್ಬ ವ್ಯಕ್ತಿಯಿಂದ ಬಂದ ಕಾಗದವೆಲ್ಲ ಒಟ್ಟಿಗೇ ಇರಬೇಕು, ಬೇರೆಯವರದ್ದರ ಜೊತೆ ಬೆರೆಯಬಾರದು ಅಂತ. 1881ರಲ್ಲಿ ಜರ್ಮನಿಯ ಪ್ರಷ್ಯಾ ರಾಜ್ಯದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಕಚೇರಿ ಯಾವ ಕ್ರಮದಲ್ಲಿ ಇಟ್ಟಿತ್ತೋ ಅದೇ ಕ್ರಮ ಉಳಿಸಿ ಅಂದರು. 1898ರಲ್ಲಿ ಮೂವರು ಡಚ್ಚರು ಇದನ್ನೆಲ್ಲ ಸೇರಿಸಿ ಒಂದು ಕೈಪಿಡಿ ಬರೆದರು. ಇವತ್ತಿಗೂ ಈ ಕೆಲಸ ಕಲಿಯುವವರು ಅದರ ಹೆಸರು ಕೇಳದೆ ಮುಂದೆ ಹೋಗುವುದಿಲ್ಲ.

ಇನ್ನು ಆಯ್ಕೆಯ ಮಾತು. ಪತ್ರಾಗಾರವೂ ಎಲ್ಲವನ್ನೂ ಇಟ್ಟುಕೊಳ್ಳುವುದಿಲ್ಲ. ನಾವೂ ತುಂಬಾ ತೆಗೆದು ಹಾಕುತ್ತೇವೆ. ಒಂದೇ ಸುತ್ತೋಲೆಯ ಹತ್ತು ಪ್ರತಿ ಇದ್ದರೆ ಎರಡು ಸಾಕು. ಆದರೆ ಏನು ತೆಗೆದೆವು, ಯಾಕೆ ತೆಗೆದೆವು ಅಂತ ಬರೆದಿಡುತ್ತೇವೆ. ನಿಮ್ಮ ಅಧ್ಯಕ್ಷರು ರದ್ದಿಗೆ ಹಾಕಿದ್ದನ್ನು ಯಾರು ಬರೆದಿಡುತ್ತಾರೆ?


ಶಾಯಿ ಕಲೆ | ಸೋಮವಾರ, 11.30

ಹಳೇ ದಫ್ತರ ಸರ್ ಹೇಳಿದ್ದಕ್ಕೆ ನನ್ನದೂ ಒಂದು ಓಟು. ನಾನು ಊರುಗಳ ಚರಿತ್ರೆ ಓದುವವಳು. ನಡಾವಳಿ ಪುಸ್ತಕ ಅನ್ನುವುದು ಸಂಘ ತನ್ನ ಬಗ್ಗೆ ತಾನೇ ಹೇಳಿಕೊಂಡ ಕತೆ. "ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು" ಅಂತ ಇರುತ್ತದೆ. ಆ ದಿನ ಇಬ್ಬರು ಎದ್ದು ಹೊರಗೆ ಹೋಗಿದ್ದು ಅದರಲ್ಲಿ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಮುಂದಿನ ಮೂರು ಸಭೆಗೆ ಅವರ ಸಹಿ ಇಲ್ಲ ಅಂದಾಗ ಗೊತ್ತಾಗುತ್ತದೆ.


ಮೊಮ್ಮಗಳು | ಸೋಮವಾರ, ಮಧ್ಯಾಹ್ನ 1.15

ಇದೇ ಚರ್ಚೆಯಲ್ಲಿ ನನ್ನದೊಂದು ಪ್ರಶ್ನೆ ಹಾಕಬಹುದಾ? ನನ್ನ ಅಜ್ಜಿ ಮೂವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು. ನಮ್ಮ ನಗರದ ಪತ್ರಾಗಾರದಲ್ಲಿ ಹೆಸರಿನ ಸೂಚಿ ನೋಡಿದೆ. ಇಲ್ಲ. "ವ್ಯಕ್ತಿಗಳು" ಅನ್ನುವ ಪಟ್ಟಿಯಲ್ಲಿ ವಕೀಲರು, ಕೌನ್ಸಿಲರುಗಳು, ಗಿರಣಿ ಮಾಲೀಕರು. "ಸಂಸ್ಥೆಗಳು" ಅನ್ನುವ ಪಟ್ಟಿಯಲ್ಲಿ ಕ್ಲಬ್ಬು, ಬ್ಯಾಂಕು, ಶಾಲೆ. ಎರಡು ದಿನ ಕೂತು ಎದ್ದು ಬಂದೆ. ಅಜ್ಜಿ ಆ ಊರಲ್ಲಿ ಇರಲೇ ಇಲ್ಲವೇನೋ ಅನ್ನಿಸಿಬಿಟ್ಟಿತು.


ಶಾಯಿ ಕಲೆ | ಸೋಮವಾರ, 2.20

ಮೊಮ್ಮಗಳು, ಬೇಜಾರು ಮಾಡಿಕೊಳ್ಳಬೇಡಿ. ನೀವು ಹುಡುಕಿದ ಬಾಗಿಲು ಬೇರೆ, ಅಷ್ಟೇ.

ನಗರದ ಪತ್ರಾಗಾರಕ್ಕೆ ಜನ ಎರಡು ದಾರಿಯಲ್ಲಿ ಬರುತ್ತಾರೆ. ಒಂದು, ತಾವೇ ಕಾಗದ ಇಟ್ಟುಕೊಂಡು, ಕೊನೆಗೆ ತಂದು ಒಪ್ಪಿಸಿ. ಈ ದಾರಿಗೆ ಮನೆಯಲ್ಲಿ ಜಾಗ ಬೇಕು, ಬರೆಯುವ ಗುಮಾಸ್ತ ಬೇಕು, ನಮ್ಮ ಕಾಗದಕ್ಕೆ ಬೆಲೆ ಇದೆ ಅನ್ನುವ ಧೈರ್ಯ ಬೇಕು. ಇನ್ನೊಂದು, ಕಚೇರಿಗೆ ಅವರ ಮೈ ತಾಗಿದಾಗ. ತೆರಿಗೆ ಬಾಕಿ, ಲೈಸೆನ್ಸು, ಚರಂಡಿ ಬಗ್ಗೆ ದೂರು, ಸಾಲ, ಜಗಳ, ದಿವಾಳಿ. ಜಾಸ್ತಿ ಜನ ಬರುವುದು ಈ ಎರಡನೇ ದಾರಿಯಲ್ಲೇ. ಅಲ್ಲಿ ಅವರ ಹೆಸರಿಗೆ ಸೂಚಿ ಇರುವುದು ಕಡಿಮೆ.

ಇದು ಬಡವರಿಗೆ ಮಾತ್ರ ಅಂತಲ್ಲ. ಆಮ್‌ಸ್ಟರ್‌ಡ್ಯಾಮಿನ ರೆಂಬ್ರಾಂಟ್ ಮನೆಯಲ್ಲಿ ಏನೇನಿತ್ತು ಅಂತ ನಮಗೆ ಇಷ್ಟು ವಿವರವಾಗಿ ಗೊತ್ತಿರುವುದು ಹೇಗೆ? ಅವನು ದೊಡ್ಡ ಚಿತ್ರಕಾರ ಅಂತ ಯಾರೋ ಬರೆದಿಟ್ಟದ್ದರಿಂದಲ್ಲ. 1656ರಲ್ಲಿ ದಿವಾಳಿಯಾದ. ಸಾಲ ಕೊಟ್ಟವರಿಗೆ ಹಂಚುವುದಕ್ಕೆ ಅಂತ ನಗರದ ಕಚೇರಿಯವರು ಮನೆಯ ಕೋಣೆ ಕೋಣೆಗೂ ಹೋಗಿ ಪಟ್ಟಿ ಮಾಡಿದರು. 363 ಬಾಬ್ತು. ಚಿತ್ರಗಳು, ಶಿಲ್ಪಗಳು, ಚಿಪ್ಪುಗಳು, ಕುರ್ಚಿ, ಮೇಜು, ಬಟ್ಟೆಬರೆ ಎಲ್ಲ. ಸಾಲ ತೀರಿಸಿದ್ದರೆ ಈ ಪಟ್ಟಿಯೇ ಇರುತ್ತಿರಲಿಲ್ಲ!

ನ್ಯೂಯಾರ್ಕಿನದ್ದು ಇನ್ನೂ ಚೆನ್ನಾಗಿದೆ. 1939ರಿಂದ 1941ರವರೆಗೆ ಅಲ್ಲಿನ ತೆರಿಗೆ ಇಲಾಖೆ ನಗರದ ಕಟ್ಟಡಗಳನ್ನೆಲ್ಲ ಒಂದೊಂದಾಗಿ ಫೋಟೊ ತೆಗೆಸಿತು. ಏಳು ಲಕ್ಷಕ್ಕೂ ಜಾಸ್ತಿ ಫೋಟೊ. ಉದ್ದೇಶ ಬರೀ ತೆರಿಗೆ. ಆದರೆ ಅಂಗಡಿ ಬೋರ್ಡು, ಬಾಗಿಲಲ್ಲಿ ನಿಂತ ಹುಡುಗ, ಕಿಟಕಿಯಿಂದ ಇಣುಕಿದ ಹೆಂಗಸು ಎಲ್ಲ ಬಿದ್ದಿದ್ದಾರೆ. ಅಲ್ಲಿ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ. ಕಟ್ಟಡದ ವಿಳಾಸವೋ, ಬ್ಲಾಕ್ ನಂಬರು, ಲಾಟ್ ನಂಬರೋ ಬೇಕು. ಫೋಟೊದಲ್ಲೇ ಆ ನಂಬರಿನ ಹಲಗೆ ಹಿಡಿದು ನಿಂತವರು ಕಾಣುತ್ತಾರೆ.

ಅದಕ್ಕೇ, ಅಜ್ಜಿಯ ಹೆಸರು ಬಿಡಿ. ಅಂಗಡಿಯ ಬಾಗಿಲು ಸಂಖ್ಯೆ ಹಿಡಿಯಿರಿ. ತೆರಿಗೆ ರಿಜಿಸ್ಟರು, ಅಂಗಡಿ ಲೈಸೆನ್ಸು, ಬೀದಿ ಅಗಲ ಮಾಡಿದ್ದರೆ ಅದರ ಪರಿಹಾರದ ಕಡತ.


ಹಳೇ ದಫ್ತರ | ಸೋಮವಾರ, 3.00

ಶಾಯಿ ಕಲೆಯವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲೈಸೆನ್ಸು ಅಜ್ಜಿಯ ಹೆಸರಲ್ಲೇ ಇರಬೇಕು ಅಂತಿಲ್ಲ. ತಾತನ ಹೆಸರಲ್ಲಿ, ಅವರ ಅಣ್ಣನ ಹೆಸರಲ್ಲಿ, ಕಟ್ಟಡದ ಮಾಲೀಕರ ಹೆಸರಲ್ಲಿ ಇರಬಹುದು. "ಇಂಥವರ ಪತ್ನಿ" ಅಂತಷ್ಟೇ ಬರೆದ ಸಾಲುಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಒಂದೇ ಹೆಸರನ್ನು ಮೂರು ಗುಮಾಸ್ತರು ಮೂರು ಥರ ಬರೆದಿರುತ್ತಾರೆ.

ಸಂಸ್ಥೆಗಳದ್ದೂ ಇದೇ ಪಾಡು. ಸಂಘ ಒಂದೇ, ಹೆಸರು ನಾಲ್ಕು ಸಲ ಬದಲಾಗಿರುತ್ತದೆ. ಒಡೆದು ಎರಡಾಗಿರುತ್ತದೆ, ಮತ್ತೆ ಸೇರಿರುತ್ತದೆ. ಇದಕ್ಕೇ ಅಂತ ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯವರು 1996ರಲ್ಲಿ ಒಂದು ಮಾನದಂಡ ಮಾಡಿದರು. 2004ರಲ್ಲಿ ತಿದ್ದಿದರು. ಕಾಗದದ ವಿವರ ಒಂದು ಕಡೆ, ಕಾಗದ ಹುಟ್ಟಿಸಿದ ಸಂಸ್ಥೆ, ವ್ಯಕ್ತಿ, ಕುಟುಂಬದ ವಿವರ ಬೇರೆ ಕಡೆ. ಹಳೇ ಹೆಸರು, ಬೇರೆ ಹೆಸರು, ಶುರುವಾದ ವರ್ಷ, ಮುಚ್ಚಿದ ವರ್ಷ, ಯಾರಿಗೆ ಯಾರು ಸಂಬಂಧ, ಎಲ್ಲ ಅಲ್ಲಿ. ಚೆನ್ನಾಗಿ ಮಾಡಿದ ಕಡೆ ಒಂದು ಹೆಸರು ಹಾಕಿದರೆ ಉಳಿದ ಮೂರೂ ಬರುತ್ತವೆ. ಮಾಡದ ಕಡೆ ನೀವೇ ನಾಲ್ಕನ್ನೂ ಹಾಕಿ ನೋಡಬೇಕು.

ಅಟ್ಟದ ಟ್ರಂಕು ಅವರೇ, ನಿಮ್ಮ ಸಂಘದ ಹಳೇ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಯಾರು ಯಾವ ವರ್ಷದಿಂದ ಯಾವ ವರ್ಷಕ್ಕೆ ಅಂತಲೂ. ಆ ಒಂದು ಹಾಳೆ ಪತ್ರಾಗಾರದವರಿಗೆ ಒಂದು ತಿಂಗಳ ಕೆಲಸ ಉಳಿಸುತ್ತದೆ.


ನೇರ ಮಾತು | ಸೋಮವಾರ, 6.50

ಎಲ್ಲ ಸರಿ. ಆದರೆ ಯಾರೂ ಮಾತಾಡದ ಒಂದು ವಿಷಯ ಇದೆ. ಪತ್ರಾಗಾರದಲ್ಲಿ ಇರುವುದೇ ಒಳ್ಳೆಯದು ಅಂತ ಎಲ್ಲರೂ ಅಂದುಕೊಂಡಿದ್ದೀರಿ. ಆಮ್‌ಸ್ಟರ್‌ಡ್ಯಾಮ್ ಅಂದ ಮೇಲೆ ಇದೂ ಕೇಳಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ನೆದರ್‌ಲ್ಯಾಂಡ್ಸ್ ಹಿಡಿದಿದ್ದಾಗ ನಗರದ ಜನಸಂಖ್ಯಾ ದಾಖಲೆ ನೋಡಿ ಯಾರು ಯಹೂದಿ, ಯಾವ ಮನೆ ಅಂತ ಹುಡುಕುತ್ತಿದ್ದರು. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧದ ಗುಂಪೊಂದು ಪೊಲೀಸ್ ವೇಷದಲ್ಲಿ ಹೋಗಿ ಆ ದಾಖಲೆ ಕಚೇರಿಗೇ ಬೆಂಕಿ ಇಟ್ಟಿತು. ಶಿಲ್ಪಿಗಳು, ಚಿತ್ರಕಾರರು, ವಿದ್ಯಾರ್ಥಿಗಳು ಅದರಲ್ಲಿದ್ದರು. ಎಲ್ಲ ಸುಡಲಿಲ್ಲ, ಸುಮಾರು ನೂರಕ್ಕೆ ಹದಿನೈದರಷ್ಟು ಮಾತ್ರ ಹಾಳಾಯಿತು. ಆಮೇಲೆ ಹನ್ನೆರಡು ಜನರನ್ನು ಹಿಡಿದು ಗುಂಡಿಟ್ಟು ಕೊಂದರು.

ಹಾಗಾಗಿ ಖಜಾಂಚಿಯವರ ಹೆದರಿಕೆಗೆ ನಗಬೇಡಿ. ಸದಸ್ಯರ ಪಟ್ಟಿ, ವಿಳಾಸ, ಯಾರು ಎಷ್ಟು ಬಾಕಿ, ಯಾರನ್ನು ಯಾಕೆ ತೆಗೆದರು, ಇದೆಲ್ಲ ಆ ಟ್ರಂಕಿನಲ್ಲಿದೆ ಅಲ್ವಾ?


ಶಾಯಿ ಕಲೆ | ಸೋಮವಾರ, ರಾತ್ರಿ 8.10

ಒಳ್ಳೇ ಮಾತು. ನಿಮ್ಮ ಜೊತೆ ಇಷ್ಟು ಬೇಗ ಒಪ್ಪುತ್ತೇನೆ ಅಂದುಕೊಂಡಿರಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ನ್ಯೂಯಾರ್ಕಿನ ಪೊಲೀಸರು ಚಳವಳಿಗಾರರ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟು ಬರೆದ ಕಡತಗಳು 2016ರಲ್ಲಿ ಒಂದು ಗೋದಾಮಿನಲ್ಲಿ ಸಿಕ್ಕವು. 520 ಪೆಟ್ಟಿಗೆ. ಯಂಗ್ ಲಾರ್ಡ್ಸ್ ಎಂಬ ಪೋರ್ಟೊರಿಕೊ ಮೂಲದ ಯುವಕರ ಸಂಘಟನೆಯ ಬಗ್ಗೆ ಬರೆಯುತ್ತಿದ್ದ ಇತಿಹಾಸಕಾರ್ತಿಯೊಬ್ಬರು ಆ ದಾಖಲೆಗಾಗಿ ಕೋರ್ಟಿಗೆ ಹೋಗಿದ್ದರು. ಇಲ್ಲ, ಸಿಗುತ್ತಿಲ್ಲ ಅಂದಿದ್ದ ನಗರವೇ ಕೊನೆಗೆ ಸಿಕ್ಕಿದೆ ಅಂತ ಹೇಳಬೇಕಾಯಿತು. ಯೋಚಿಸಿ, ಆ ಸಂಘದ ಸಭೆಯಲ್ಲಿ ಯಾರು ಮಾತಾಡಿದರು, ಎಷ್ಟು ಜನ ಬಂದಿದ್ದರು ಅಂತ ಬರೆದಿಟ್ಟವನು ಮೂಲೆಯಲ್ಲಿ ಕೂತಿದ್ದ ಪೊಲೀಸಿನವನು. ಸಂಘದ ಕಾರ್ಯದರ್ಶಿ ಅಲ್ಲ. ತಮ್ಮ ಕಾಗದ ತಾವು ಕೊಡದಿದ್ದರೆ, ಉಳಿಯುವುದು ಇಂಥವನು ಬರೆದದ್ದು.

ಲಂಡನ್ನಿನಲ್ಲಿ ಎರಿಕ್ ಮತ್ತು ಜೆಸಿಕಾ ಹಂಟ್ಲಿ ಅಂತ ದಂಪತಿ. ಗಯಾನಾದಿಂದ ಹೋದವರು. 1960ರ ದಶಕದ ಕೊನೆಯಲ್ಲಿ ಒಂದು ಪುಟ್ಟ ಪ್ರಕಾಶನ ಶುರು ಮಾಡಿ, ಆಮೇಲೆ ಪುಸ್ತಕದ ಅಂಗಡಿಯನ್ನೂ ತೆರೆದರು. ಪತ್ರ, ಕರಪತ್ರ, ಲೆಕ್ಕ ಎಲ್ಲ ಜೋಪಾನ ಮಾಡಿ, 2005ರಲ್ಲಿ ಲಂಡನ್ ನಗರದ ಪತ್ರಾಗಾರಕ್ಕೆ ಕೊಟ್ಟರು. ಅಲ್ಲಿಗೆ ಆಫ್ರಿಕನ್-ಕೆರಿಬಿಯನ್ ಸಮುದಾಯದಿಂದ ಬಂದ ಮೊದಲ ದೊಡ್ಡ ಸಂಗ್ರಹ ಅದು. ಆ ಕಾಗದ ಇಟ್ಟುಕೊಂಡೇ ವರ್ಷ ವರ್ಷ ಒಂದು ಸಮ್ಮೇಳನ ನಡೆಸುತ್ತಾ ಬಂದರು.


ಹಳೇ ದಫ್ತರ | ಮಂಗಳವಾರ, ಬೆಳಿಗ್ಗೆ 8.30

ಖಜಾಂಚಿಗಳ ಹೆದರಿಕೆಗೆ ಔಷಧ ಇದೆ. ಕೊಡುವಾಗ ಬರೆಸಿಕೊಳ್ಳುವ ಒಪ್ಪಂದದಲ್ಲಿ "ಇಂಥ ಕಡತ ಇಷ್ಟು ವರ್ಷ ಮುಚ್ಚಿಡಬೇಕು" ಅಂತ ಹಾಕಬಹುದು. ಇದೇನು ಹೊಸದಲ್ಲ. ಅಮೆರಿಕದಲ್ಲಿ ಜನಗಣತಿಯ ಹಾಳೆಗಳನ್ನು 72 ವರ್ಷ ತೆರೆಯುವುದಿಲ್ಲ. 1950ರದ್ದು 2022ರಲ್ಲಿ ತೆರೆಯಿತು. ಇಂಗ್ಲೆಂಡಿನಲ್ಲಿ 100 ವರ್ಷ. ಮುಚ್ಚಿಡುವುದು ಬೇರೆ, ಸುಡುವುದು ಬೇರೆ.

ಒಪ್ಪಂದದಲ್ಲಿ ಇನ್ನೂ ಎರಡು ನೋಡಿಕೊಳ್ಳಿ. ಪೂರ್ತಿ ಕೊಡುವುದಾ, ಇಟ್ಟುಕೊಳ್ಳಲು ಮಾತ್ರ ಕೊಡುವುದಾ? ಸಂಘ ಮುಂದೆ ಮುಚ್ಚಿಹೋದರೆ ಕಾಗದ ಯಾರದ್ದು? ಇದನ್ನು ಬರೆಯದೆ ಬಿಟ್ಟು, ಮೂವತ್ತು ವರ್ಷದ ಮೇಲೆ ಎರಡು ಬಣ ಬಂದು ನಮ್ಮ ಕೌಂಟರಿನ ಮುಂದೆ ಕಿತ್ತಾಡಿದ್ದನ್ನು ನೋಡಿದ್ದೇನೆ. ಟೀ ತರಿಸಿ ಕೂರಿಸಿದೆವು. ಏನೂ ಪ್ರಯೋಜನ ಆಗಲಿಲ್ಲ.


ಗೆದ್ದಲು ವೈರಿ | ಮಂಗಳವಾರ, 10.15

ನಾನು ಹಳೇ ಕಾಗದ ರಿಪೇರಿ ಮಾಡುವವನು. ಸ್ಕ್ಯಾನ್ ಮಾಡಿ ಬಿಸಾಕಿ ಅಂದ ನೇರ ಮಾತು ಅಣ್ಣನಿಗೆ ಉತ್ತರ.

2009ರ ಮಾರ್ಚ್ 3ರಂದು ಜರ್ಮನಿಯ ಕಲೋನ್ ನಗರದ ಪತ್ರಾಗಾರ ಕಟ್ಟಡ ಕುಸಿದು ಬಿತ್ತು. ಪಕ್ಕದಲ್ಲಿ ನೆಲದಡಿ ರೈಲಿಗೆ ಅಗೆಯುತ್ತಿದ್ದರು. ಪತ್ರಾಗಾರದಲ್ಲಿದ್ದವರು ಓಡಿ ಪಾರಾದರು, ಪಕ್ಕದ ಮನೆಗಳ ಇಬ್ಬರು ಸತ್ತರು. ಮೂವತ್ತು ಕಿಲೋಮೀಟರ್ ಉದ್ದದ ಕಪಾಟುಗಳ ಕಾಗದ ಕೆಸರಿನಲ್ಲಿ. ಸಾವಿರ ವರ್ಷ ಹಳೆಯ ಚರ್ಮಪತ್ರವೂ ಇತ್ತು, ನೊಬೆಲ್ ಬಂದ ಲೇಖಕ ಹೈನ್‌ರಿಶ್ ಬೋಲ್ ಅವರ ಕಾಗದವೂ ಇತ್ತು, ಹೆಸರು ಕೇಳದ ನೂರಾರು ಜನರ, ಸಂಘಗಳ ಕಾಗದವೂ ಇತ್ತು. ಹತ್ತರಲ್ಲಿ ಒಂಬತ್ತು ಪಾಲಿಗಿಂತ ಜಾಸ್ತಿ ಮತ್ತೆ ಸಿಕ್ಕಿತು. ಆದರೆ ಹೇಗೆ? ಚೂರು ಚೂರಾಗಿ. ಒದ್ದೆಯಾದದ್ದನ್ನು ಬೂಸ್ಟು ಹಿಡಿಯದಂತೆ ಹೆಪ್ಪುಗಟ್ಟಿಸಿ ಒಣಗಿಸಿದರು. ಹೊಸ ಕಟ್ಟಡ ತೆರೆದಿದ್ದು 2021ರಲ್ಲಿ. ರಿಪೇರಿ ಅದಾದ ಮೇಲೂ ನಡೆಯುತ್ತಲೇ ಇದೆ.

ನಿಮ್ಮ ಪರವಾಗಿಯೂ ಒಂದು ಹೇಳುತ್ತೇನೆ. ಅಲ್ಲಿನ ಹಳೇ ದಾಖಲೆಗಳಲ್ಲಿ ಒಂದು ಭಾಗವನ್ನು ಮೊದಲೇ ಮೈಕ್ರೋಫಿಲ್ಮ್ ಮಾಡಿ, ದೂರದ ಬೆಟ್ಟದ ಸುರಂಗದಲ್ಲಿ ಇಟ್ಟಿದ್ದರು. ಅದು ತುಂಬಾ ಉಪಯೋಗಕ್ಕೆ ಬಂತು. ಹಾಗಾಗಿ ಪ್ರತಿ ಬೇಕು, ಖಂಡಿತ. ಮೂಲದ ಬದಲಿಗೆ ಅಲ್ಲ, ಮೂಲದ ಜೊತೆಗೆ. ಸ್ಕ್ಯಾನಿನಲ್ಲಿ ಹಿಂಬದಿ ಬರುವುದಿಲ್ಲ. ಸ್ಕ್ಯಾನ್ ಮಾಡುವವರು ಬೇಜಾರಾಗಿ ಅದನ್ನು ಬಿಟ್ಟುಬಿಡುತ್ತಾರೆ. ಪಿನ್ನು ಚುಚ್ಚಿದ ತೂತು ಬರುವುದಿಲ್ಲ. ಯಾವ ಕಾಗದ ಯಾವುದಕ್ಕೆ ಸೇರಿತ್ತು ಅಂತ ಆ ತೂತು ನೋಡಿ ಹೇಳಿದ್ದೇನೆ ನಾನು.

ಟ್ರಂಕು ಸರ್‌ಗೆ ಚುಟುಕಾಗಿ: ರಬ್ಬರ್ ಬ್ಯಾಂಡು ಕತ್ತರಿಸಿ ತೆಗೆಯಿರಿ, ಎಳೆಯಬೇಡಿ. ತುಕ್ಕು ಹಿಡಿದ ಪಿನ್ನು ಕಾಗದಕ್ಕೆ ಅಂಟಿದ್ದರೆ ಹಾಗೇ ಬಿಡಿ, ಅವರು ನೋಡಿಕೊಳ್ಳುತ್ತಾರೆ. ಹರಿದಲ್ಲಿ ಸೆಲೋಟೇಪು ಹಚ್ಚಿದರೆ ನನ್ನ ಶಾಪ ತಟ್ಟುತ್ತದೆ. ಲ್ಯಾಮಿನೇಷನ್ ಮಾತೇ ಎತ್ತಬೇಡಿ. ಫೋಟೊ ಹಿಂದೆ ಬರೆಯಬೇಕಾದರೆ ಮೆದು ಪೆನ್ಸಿಲಿನಲ್ಲಿ, ಅಂಚಿನಲ್ಲಿ, ಒತ್ತದೆ. ಹಳೇ ಫಿಲ್ಮು ಹುಳಿ ವಾಸನೆ ಹೊಡೆಯುತ್ತಿದ್ದರೆ ಬೇರೆ ಡಬ್ಬಿಗೆ ಹಾಕಿ. ಆ ಹುಳಿ ಪಕ್ಕದ ಫಿಲ್ಮಿಗೂ ಹರಡುತ್ತದೆ. ಟ್ರಂಕಿನಿಂದ ತೆಗೆಯುವ ಮುಂಚೆ ಮೇಲಿನಿಂದ ಒಂದು ಫೋಟೊ. ಪ್ರತಿ ಪದರ ತೆಗೆದಾಗಲೂ ಒಂದು.


ನೇರ ಮಾತು | ಮಂಗಳವಾರ, 10.40

ಆಯ್ತು ಮಾರಾಯ. ಹಿಂಬದಿಯ ಮಾತು ಒಪ್ಪಿದೆ. ಪೊರಕೆ ಬಿಲ್ಲಿನ ಮಾತು ಇನ್ನೂ ಒಪ್ಪಿಲ್ಲ.


ಸುಮ್ನೆ ಓದುಗ | ಮಂಗಳವಾರ, 12.30

ಮೊದಲ ಸಲ ಇಲ್ಲಿ ಬರೆಯುತ್ತಿದ್ದೇನೆ. ಕೆನಡಾದ ವ್ಯಾಂಕೂವರ್ ನಗರದ ಪತ್ರಾಗಾರ ಶುರುವಾಗಿದ್ದು ಹೆಚ್ಚುಕಮ್ಮಿ ಒಬ್ಬ ಮನುಷ್ಯನ ಹಟದಿಂದ. ಮೇಜರ್ ಮ್ಯಾಥ್ಯೂಸ್ ಅಂತ. 1933ರಿಂದ 1970ರಲ್ಲಿ ಸಾಯುವವರೆಗೂ ಆತನೇ ಅಲ್ಲಿನ ಪತ್ರಪಾಲಕ. ಕಾಗದ ತನ್ನದಾ ನಗರದ್ದಾ ಅಂತ ಅಧಿಕಾರಿಗಳ ಜೊತೆ ಜಗಳ. ಆದರೆ ಹಳಬರನ್ನು ಕೂರಿಸಿಕೊಂಡು ಮಾತಾಡಿಸಿ ಟೈಪ್ ಮಾಡಿಟ್ಟ. ಆ ನೆಲದ ಮೂಲನಿವಾಸಿ ಆಗಸ್ಟ್ ಜಾಕ್ ಖಾತ್ಸಲಾನೊ ಅವರ ಜೊತೆ 1932ರಿಂದ ಎರಡು ದಶಕಕ್ಕೂ ಜಾಸ್ತಿ ಕಾಲ ಮಾತಾಡಿದ್ದು ಉಳಿದಿದೆ. ಖಾತ್ಸಲಾನೊ ಅವರ ಕಡೆಯವರದ್ದು ಅಂತ ಯಾವ ರಿಜಿಸ್ಟರು, ಯಾವ ರಸೀದಿ ಇರುತ್ತಿತ್ತು? ಕಾಗದ ಇಲ್ಲದವರಿಗೆ ಮಾತೇ ದಾಖಲೆ. ಆದರೆ ಯಾವ ಪ್ರಶ್ನೆ ಕೇಳಬೇಕು ಅಂತ ಆರಿಸಿದವನು ಮ್ಯಾಥ್ಯೂಸ್, ಅದೂ ನೆನಪಿರಲಿ.


ಮೊಮ್ಮಗಳು | ಗುರುವಾರ, ಸಂಜೆ 5.45

ಶಾಯಿ ಕಲೆ ಅಕ್ಕಾ, ಸಿಕ್ಕಳು!

ಬಾಗಿಲು ಸಂಖ್ಯೆ ಹಿಡಿದು ಹೋದೆ. ತೆರಿಗೆ ರಿಜಿಸ್ಟರಿನಲ್ಲಿ ಕಟ್ಟಡದ ಮಾಲೀಕರ ಹೆಸರು ಮಾತ್ರ. ಲೈಸೆನ್ಸು ತಾತನ ಹೆಸರಿನಲ್ಲಿ. ಸಾಕಾಗಿ ಏಳುವಷ್ಟರಲ್ಲಿ ಅಲ್ಲಿನ ಸಿಬ್ಬಂದಿಯೊಬ್ಬರು ಬೀದಿ ದೀಪದ ಕಡತ ತಂದುಕೊಟ್ಟರು. ಬೀದಿಯ ಅಂಗಡಿಯವರು ಒಂದು ದೀಪ ಹಾಕಿಸಿಕೊಡಿ ಅಂತ ಅರ್ಜಿ ಕೊಟ್ಟಿದ್ದಾರೆ. 14 ಸಹಿ. ಹನ್ನೊಂದನೆಯದು ನಮ್ಮಜ್ಜಿಯದು. ಮುಂದೆ ಕಂಸದಲ್ಲಿ "ಹೊಲಿಗೆ". ಪತ್ನಿ ಅಂತಿಲ್ಲ, ಏನಿಲ್ಲ. ಸಹಿಯ ಕೊನೆಯ ಅಕ್ಷರಕ್ಕೆ ಒಂದು ಬಾಲ ಎಳೆದಿದ್ದಾಳೆ. ನಮ್ಮ ಅಮ್ಮನೂ ಹಾಗೇ ಎಳೆಯುತ್ತಾಳೆ.

ದೀಪ ಹಾಕಿದರೋ ಇಲ್ಲವೋ ಕಡತದಲ್ಲಿ ಇಲ್ಲ. "ಪರಿಶೀಲಿಸಿ" ಅಂತ ಯಾರೋ ಬರೆದು ಸಹಿ ಹಾಕಿದ್ದಾರೆ, ಅಲ್ಲಿಗೆ ನಿಂತಿದೆ.


ಶಾಯಿ ಕಲೆ | ಗುರುವಾರ, 6.00

ಆ ಹಾಳೆಯ ಕಡತ ಸಂಖ್ಯೆ, ಪುಟ ಸಂಖ್ಯೆ ಈಗಲೇ ಬರೆದಿಟ್ಟುಕೊಳ್ಳಿ. ಈಗಲೇ. ಬರೆದುಕೊಳ್ಳದೆ ಎದ್ದು ಬಂದು ಒಂದು ವರ್ಷ ಅತ್ತವಳ ಮಾತು ಇದು.


ಅಟ್ಟದ ಟ್ರಂಕು | ಭಾನುವಾರ, ರಾತ್ರಿ 10.20

ಎಲ್ಲರಿಗೂ ಧನ್ಯವಾದ. ಪೂರ್ತಿ ಓದಿ, ಪ್ರಿಂಟ್ ತೆಗೆದು ಅಧ್ಯಕ್ಷರಿಗೂ ಕೊಟ್ಟೆ. ಅವರು ಓದಿದ್ದಾರೋ ಗೊತ್ತಿಲ್ಲ. ಅದಕ್ಕೆ ನಾನೇ ಎರಡು ದಿನ ಕೂತು ಟ್ರಂಕು ತೆಗೆದೆ. ಪದರ ಪದರಕ್ಕೂ ಫೋಟೊ ತೆಗೆದೆ, ಗೆದ್ದಲು ವೈರಿ ಹೇಳಿದ ಹಾಗೆ.

ರದ್ದಿ ಅಂತ ಗೋಣಿಚೀಲಕ್ಕೆ ತುಂಬಿದ್ದೇ ವೋಚರುಗಳು. ತಿಂಗಳಿಗೊಂದು ಕಟ್ಟು, ಬಟ್ಟೆಯ ಅಂಚು ಹರಿದು ಮಾಡಿದ ದಾರದಲ್ಲಿ ಕಟ್ಟಿದ್ದಾರೆ. ಪ್ರತಿ ಕಟ್ಟಿನಲ್ಲೂ ಒಂದು ವೋಚರು ಒಂದೇ ಥರ: "ಕೋಣೆ ಗುಡಿಸಿದ್ದಕ್ಕೆ, ನೀರು ತುಂಬಿದ್ದಕ್ಕೆ." ಕೆಳಗೆ ಎಡಗೈ ಹೆಬ್ಬೆಟ್ಟು. ಪಕ್ಕದಲ್ಲಿ ಗುಮಾಸ್ತರು ಬರೆದ ಹೆಂಗಸಿನ ಹೆಸರು. ಒಂದು ಕಡೆ ದೀರ್ಘ, ಒಂದು ಕಡೆ ಹ್ರಸ್ವ. ಎಣಿಸಿದೆ. ಹತ್ತೊಂಬತ್ತು ವರ್ಷ. ಆಕೆಯ ಹೆಸರು ನಡಾವಳಿಯಲ್ಲಿ ಎಲ್ಲೂ ಇಲ್ಲ.

ಎಲ್ಲೂ ಇಲ್ಲ ಅಂದೆ, ಆದರೆ ಒಂದು ಸಾಲು ಇದೆ. "ನೌಕರರ ಅರ್ಜಿಯನ್ನು ಓದಲಾಯಿತು. ಮುಂದಿನ ಸಭೆಗೆ ಇಡಲಾಯಿತು." ಮುಂದಿನ ಸಭೆ ನೋಡಿದೆ, ಇಲ್ಲ. ಅದರ ಮುಂದಿನದ್ದು, ಇಲ್ಲ. ಇಡೀ ವರ್ಷ ಇಲ್ಲ. ನಡಾವಳಿ ಮಾತ್ರ ಕೊಟ್ಟಿದ್ದರೆ, ಅರ್ಜಿ ಕೊಟ್ಟವರು ಯಾರೋ, ಏನು ಕೇಳಿದರೋ, ಸಿಗಲಿಲ್ಲ ಅಂತ ಬರೆದುಬಿಡಬಹುದಿತ್ತು.

ಅರ್ಜಿ ಗೋಣಿಚೀಲದಲ್ಲಿತ್ತು. ಆ ತಿಂಗಳ ವೋಚರ್ ಕಟ್ಟಿನ ಒಳಗೇ ಮಡಚಿ ಇಟ್ಟಿದ್ದಾರೆ. ಬರೆದದ್ದು ಬೇರೆ ಯಾರೋ, ಒಳ್ಳೇ ಅಕ್ಷರ. ಕೆಳಗೆ ಅದೇ ಹೆಬ್ಬೆಟ್ಟು. ಬೆಳಿಗ್ಗೆ ಬೀಗ ತೆಗೆಯುವುದು ತಾನೇ, ರಾತ್ರಿ ಹಾಕುವುದೂ ತಾನೇ, ಪೇಪರು ಬಂದದ್ದನ್ನು ಕೋಲಿಗೆ ಸಿಕ್ಕಿಸುವುದೂ ತಾನೇ, ಸಂಬಳ ಮಾತ್ರ ಗುಡಿಸುವುದಕ್ಕೆ ಅಂತ ಬರೆದಿದೆ. ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ "ಮುಂಜಾನೆ ಆರಕ್ಕೇ ತೆರೆಯುತ್ತಿದ್ದ ವಾಚನಾಲಯ" ಅಂತ ದೊಡ್ಡದಾಗಿ ಹಾಕಿಕೊಂಡಿದ್ದೇವೆ. ತೆರೆಯುತ್ತಿದ್ದದ್ದು ಯಾರು ಅಂತ ಈಗ ಗೊತ್ತಾಯಿತು.

ಇನ್ನೂ ಇದೆ. ನಾಲ್ಕು ತಿಂಗಳ ಮೇಲಿನ ವೋಚರಿನಲ್ಲಿ ಮೊತ್ತ ಜಾಸ್ತಿಯಾಗಿದೆ. ಅಲ್ಲಿಂದ ಮುಂದೆ ಜಾಸ್ತಿಯೇ. ಠರಾವು ಇಲ್ಲ, ಚರ್ಚೆ ಇಲ್ಲ. ಆಗಿನ ಖಜಾಂಚಿ ಯಾರನ್ನೂ ಕೇಳದೆ ಏರಿಸಿಬಿಟ್ಟಿದ್ದಾರೆ.


ನೇರ ಮಾತು | ಭಾನುವಾರ, 10.55

ಪೊರಕೆ ಬಿಲ್ಲಿನ ಮಾತು ವಾಪಸ್ ತೆಗೆದುಕೊಂಡೆ.

ಆದರೆ ಠರಾವಿಲ್ಲದೆ ಏರಿಸಿದರೆ ಆಡಿಟರು ಸುಮ್ನೆ ಬಿಟ್ಟರಾ?


ಹಳೇ ದಫ್ತರ | ಭಾನುವಾರ, 11.10

ನನಗೂ ಅದೇ ಪ್ರಶ್ನೆ. ಆ ವರ್ಷದ ಕ್ಯಾಶ್ ಬುಕ್ ನೋಡಿದಿರಾ? ಆಡಿಟರ ಗುರುತು ಅಂಚಿನಲ್ಲಿ ಇರುತ್ತದೆ.


ಅಟ್ಟದ ಟ್ರಂಕು | ಸೋಮವಾರ, ಬೆಳಿಗ್ಗೆ 7.05

ನಿದ್ದೆ ಬರಲಿಲ್ಲ, ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡಿದೆ. ಎರಡನೇ ಟ್ರಂಕಿನ ತಳದಲ್ಲಿತ್ತು.

ಏರಿದ ತಿಂಗಳಿನ ಸಾಲಿನ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಅದರ ಕೆಳಗೆ ನೀಲಿ ಶಾಯಿಯಲ್ಲಿ ಖಜಾಂಚಿಗಳ ಇನಿಷಿಯಲ್ಲು. ಉತ್ತರ ಬರೆದಿಲ್ಲ. ಮುಂದಿನ ತಿಂಗಳಿನ ಸಾಲಿಗೆ ಕೆಂಪು ಶಾಯಿ ಟಿಕ್ ಮಾಡಿದೆ.